ಬೆಳಕಿನ ಪಾಲು

ಜೂನ್ ೯

ತಂಗಿಗೆ,

ಕ್ಷೇಮಸಮಾಚಾರ ಕೊನೆಗಿರಲಿ, ಕಾಗದದಲ್ಲಿ ಜಾಗ ಉಳಿದರೆ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಹಾಲು ತರಲು ಇಳಿದಾಗ ಎದುರಿನ ಬಯಲಿನ ಮುರುಕು ಗೋಡೆಯ ಮೇಲೆ ನೋಟಿಸೊಂದನ್ನು ಅಂಟಿಸಿದ್ದರು. ಹಳೇ ಪೇಟೆಯ ಸಂರಕ್ಷಿತ ಪ್ರದೇಶದೊಳಗೆ ನಾಲ್ಕು ಹೊಸ ಮನೆ ಕಟ್ಟುತ್ತಾರಂತೆ, ತಕರಾರು ಇದ್ದವರು ತೊಂಬತ್ತು ದಿನದೊಳಗೆ ತಿಳಿಸಬೇಕಂತೆ. ಕೆಳಗೆ ನಕ್ಷೆ ಮಾಡಿದವರ ಸಹಿ ಇತ್ತು. ಹೆಸರು ಓದುವ ಮೊದಲೇ ಗುರುತು ಸಿಕ್ಕಿತು. ಕೊನೆಯ ಅಕ್ಷರದ ಬಾಲವನ್ನು ನಾಲ್ಕನೇ ಕ್ಲಾಸಿನಿಂದಲೂ ಹಾಗೇ ಎಳೆಯುತ್ತೀಯ, ಗೆರೆ ಮುಗಿದರೂ ಕೈ ಬಿಡುವುದಿಲ್ಲ. ಆರು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದ್ದು ಹೀಗೆ, ಬೀದಿಯಲ್ಲಿ, ಹಾಲಿನ ಪಾತ್ರೆ ಹಿಡಿದುಕೊಂಡು.

ಕೆಳಗಿನ ಮನೆಯ ಗಡಿಯಾರ ರಿಪೇರಿಯ ತಾತ ಇನ್ನೊಂದು ವಿಷಯವನ್ನೂ ಹೇಳಿದರು. ಹೋದ ತಿಂಗಳು ನೀನೇ ಬಂದು ಬಯಲನ್ನು ಅಳೆದುಕೊಂಡು ಹೋದೆಯಂತೆ. ತಾತನಿಗೆ ಕಣ್ಣು ಮಂಜಾಗಿದೆ, ಆದರೂ ಗುರುತು ಹಿಡಿದರು. ಮೇಲೆ ಹತ್ತಿ ಬರಲಿಲ್ಲವಲ್ಲ ಎಂದು ಅವರೇ ಬೇಸರಪಟ್ಟುಕೊಂಡರು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸ ನಿನಗೆ ಗೊತ್ತಿದೆ. ಹರಿದ ಕೋಟು, ಇಲಿ ಕಡಿದ ಶಾಲು, ಸಿಗರೇಟಿನ ಕಿಡಿ ಬಿದ್ದು ತೂತಾದ ಪ್ಯಾಂಟು ನನ್ನ ಮೇಜಿಗೆ ಬರುತ್ತವೆ, ತೂತು ಎಲ್ಲಿತ್ತೆಂದು ಕೊಟ್ಟವರಿಗೇ ತಿಳಿಯದ ಹಾಗೆ ರಫು ಮಾಡಿ ಕಳಿಸುತ್ತೇನೆ. ಅದಕ್ಕೆ ಬೇಕಾದದ್ದು ಸೂಜಿ, ದಾರ ಮತ್ತು ಬೆಳಕು. ಒಂಬತ್ತು ಅಡಿ ಅಗಲದ ಈ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಹಗಲೇ ದೀಪ ಉರಿಯುತ್ತದೆ. ನನ್ನ ಮನೆಯಲ್ಲಿ ಮಾತ್ರ ಇಲ್ಲ. ಯಾಕೆಂದರೆ ಎದುರಿಗೆ ಮನೆ ಇಲ್ಲ. ನೀನು ಕಟ್ಟುವುದು ನನ್ನ ಬೆಳಕಿನ ಮೇಲೆ.

ಆದ್ದರಿಂದ ತಕರಾರು ಅರ್ಜಿ ಹಾಕುತ್ತೇನೆ. ಹಿಂದಿನಿಂದ ಮಾಡಿದಳು ಎಂದು ನಿನಗೆ ಅನ್ನಿಸಬಾರದು ಎಂದು ಮೊದಲೇ ತಿಳಿಸುತ್ತಿದ್ದೇನೆ. ಫೋನು ಮಾಡಬೇಡ. ಫೋನಿನಲ್ಲಾದರೆ ನಾವಿಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತೇವೆ. ಕಾಗದದಲ್ಲಿ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ.

ಕ್ಷೇಮ.

ಎದುರುಮನೆ ಮೇಲ್ಮಹಡಿಯ ನಿವಾಸಿ
(ಅಕ್ಕ)


ಜೂನ್ ೨೧

ಅಕ್ಕ,

ನಿನ್ನ ಕಾಗದ ಆಫೀಸಿನ ವಿಳಾಸಕ್ಕೆ ಬಂತು. ಜೊತೆಯಲ್ಲಿ ಕೆಲಸ ಮಾಡುವವಳು ಒಡೆದು ಓದಿ, ಆಕ್ಷೇಪಣೆಗಳ ಫೈಲಿಗೆ ಸೇರಿಸಿದ್ದಳು. ಮೂರು ದಿನದ ಮೇಲೆ ನನ್ನ ಕೈಗೆ ಬಂತು. ಇನ್ನು ಮನೆಯ ವಿಳಾಸಕ್ಕೆ ಬರೆ, ಲಕೋಟೆಯ ಹಿಂದೆ ಬರೆದಿದ್ದೇನೆ.

ನಾನು ಮೇಲೆ ಬರಲಿಲ್ಲ, ನಿಜ. ಆದರೆ ನಿನ್ನ ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಹದಿನೇಳು ಮೆಟ್ಟಿಲು. ಅಳೆಯುವವಳಾದ್ದರಿಂದ ಎಣಿಸಿದೆ. ಮೇಲಿನಿಂದ ನೀನು ಏನನ್ನೋ ಗುನುಗುತ್ತಿದ್ದುದು ಕೇಳಿಸಿತು. ಆಮೇಲೆ ನೀನು ನಿಲ್ಲಿಸಿದೆ. ಯಾರಾದರೂ ಬಂದಿದ್ದಾರಾ ಎಂದು ಕಿವಿ ಕೊಟ್ಟೆಯೋ ಏನೋ. ನಾನು ಟೇಪನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟೆ.

ಕೆಲಸದ ವಿಷಯ ಹೇಳುತ್ತೇನೆ, ಅದರಲ್ಲಾದರೂ ನನಗೆ ಮಾತು ಬರುತ್ತದೆ. ಆ ಬಯಲು ಒಂದು ಟ್ರಸ್ಟಿಗೆ ಸೇರಿದ್ದು. ಪೇಟೆಯಲ್ಲಿ ದುಡಿದು ಪೇಟೆಯಲ್ಲಿ ಬಾಡಿಗೆಗೆ ಮನೆ ಸಿಗದವರಿಗೆ ನಾಲ್ಕು ಮನೆ ಕಟ್ಟಿ ಕೊಡಬೇಕೆಂದು ಅವರ ಆಸೆ. ಒಳ್ಳೆಯ ಆಸೆಯೇ. ಆದರೆ ಅವರ ಮ್ಯಾನೇಜರಿಗೆ ಮೂರು ಅಂತಸ್ತು ಬೇಕು. ಸಂರಕ್ಷಣಾ ಸಮಿತಿಯವರಿಗೆ ಎರಡೇ ಅಂತಸ್ತು, ಅದೂ ಪಕ್ಕದ ಹಳೆ ಮನೆಗಳ ಪಡಿಯಚ್ಚಿನ ಹಾಗೆ, ಅದೇ ಕಂಬ, ಅದೇ ಚಾಚುಕಿಟಕಿ, ಸಿಮೆಂಟಿನಲ್ಲಿ ಮಾಡಿ ಮರದ ಬಣ್ಣ ಬಳಿದದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ನೊಗದ ಹಾಗೆ ನಾನಿದ್ದೇನೆ. ನನ್ನ ಆಫೀಸಿನಲ್ಲಿ ಇರುವುದು ಇಬ್ಬರೇ, ಈ ಕೆಲಸ ತಪ್ಪಿದರೆ ಒಬ್ಬಳೇ.

ಆದರೂ ನೀನು ಅರ್ಜಿ ಹಾಕು. ಒಂದೇ ಕೋರಿಕೆ: ಬೆಳಕು ಹೋಗುತ್ತದೆ ಎಂದಷ್ಟೇ ಬರೆಯಬೇಡ, ಅದನ್ನು ಯಾರೂ ಓದುವುದಿಲ್ಲ. ಎಷ್ಟು ಗಂಟೆಗೆ ಬರುತ್ತದೆ, ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಬರೆ. ನನಗೂ ಒಂದು ಪ್ರತಿ ಕಳಿಸು. ಬಯಲಿನ ಉದ್ದಗಲ ನನ್ನ ಹತ್ತಿರ ಇದೆ. ಅದರ ಬೆಳಕಿನ ಅಳತೆ ನಿನ್ನ ಹತ್ತಿರ ಮಾತ್ರ ಇದೆ.

ತಂಗಿ


ಜುಲೈ ೫

ತಂಗಿಗೆ,

ಬರೆದುಕೊಂಡೆ. ಹತ್ತು ದಿನ ಸೂಜಿಯ ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಂಡು ಕೂತಿದ್ದೆ. ಮೂವತ್ತು ವರ್ಷದಿಂದ ಈ ಬೆಳಕಿನಲ್ಲಿ ಕೆಲಸ ಮಾಡಿದ್ದೇನೆ, ಅದನ್ನೇ ನೋಡಿದ್ದು ಇದೇ ಮೊದಲು.

ಬೆಳಿಗ್ಗೆ ಏಳಕ್ಕೆ ಅದು ಇನ್ನೂ ಬಯಲಿನಲ್ಲೇ ಇರುತ್ತದೆ, ಒದ್ದೆ ಹುಲ್ಲಿನ ಮೇಲೆ ಮಲಗಿದ ದನದ ಹಾಗೆ, ಏಳಲು ಮನಸ್ಸಿಲ್ಲದೆ. ಎಂಟೂವರೆಗೆ ಬೀದಿ ದಾಟುತ್ತದೆ. ಒಂಬತ್ತೂಕಾಲಿಗೆ ಕಿಟಕಿಯ ಕಟ್ಟೆ ಹತ್ತಿ ನನ್ನ ದಾರದ ಡಬ್ಬಿಯನ್ನು ಮುಟ್ಟುತ್ತದೆ. ಆಗ ಕಪ್ಪು ದಾರಗಳು ಬೇರೆಬೇರೆಯಾಗುತ್ತವೆ. ಅಲ್ಲಿಯ ತನಕ ಎಲ್ಲವೂ ಒಂದೇ ಕಪ್ಪು. ಆಮೇಲೆ ಒಂದರಲ್ಲಿ ನೀಲಿ, ಒಂದರಲ್ಲಿ ಕಂದು, ಇನ್ನೊಂದರಲ್ಲಿ ಹಸಿರು ಏಳುತ್ತದೆ. ಹತ್ತರಿಂದ ನಾಲ್ಕರವರೆಗೆ ಅದು ಕದಲುವುದಿಲ್ಲ. ಬಿಸಿಲಲ್ಲ, ನೆರಳೂ ಅಲ್ಲ. ನೀರಿನೊಳಗೆ ಕೂತು ಹೊಲಿದ ಹಾಗೆ. ನಾಲ್ಕು ದಾಟಿದರೆ ದಾರಗಳು ಒಂದೊಂದಾಗಿ ಮತ್ತೆ ಕಪ್ಪಿಗೆ ಮರಳುತ್ತವೆ. ಗಂಟೆಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಮೋಡದ ದಿನಕ್ಕೆ ಅಡಿಗೆರೆ ಹಾಕಿದ್ದೇನೆ.

ಬಯಲಿನಲ್ಲಿ ಮೊದಲು ಯಾರಿದ್ದರು ಎಂದು ತಾತನನ್ನು ಕೇಳಿದೆ. ಕೊಡೆ ಮಾಡುವವರ ಮನೆಯಂತೆ. ಮೂರು ತಲೆಮಾರು ಕೊಡೆಯನ್ನೇ ಹೊಲಿದರಂತೆ. ಒಂದು ಮಳೆಗಾಲದಲ್ಲಿ ಮನೆ ಮೆಲ್ಲಗೆ ಕುಸಿಯಿತು, ಯಾರಿಗೂ ಪೆಟ್ಟಾಗಲಿಲ್ಲ. ಆಮೇಲೆ ಅವರು ಎಲ್ಲಿಗೆ ಹೋದರು ಎಂದು ಯಾರಿಗೂ ಗೊತ್ತಿಲ್ಲ. ಈಗಲೂ ಜೋರು ಮಳೆಯಾದ ಮಾರನೇ ದಿನ ಮಣ್ಣಿನಿಂದ ಕೊಡೆಯ ಕಡ್ಡಿಗಳು ಏಳುತ್ತವೆ.

ಪಡಿಯಚ್ಚಿನ ಮನೆ ಎಂದು ಬರೆದಿದ್ದೆಯಲ್ಲ, ಅದರ ಬಗ್ಗೆ ನನಗೆ ತಿಳಿದದ್ದು ಇಷ್ಟು. ರಫು ಮಾಡುವಾಗ ದಾರವನ್ನು ಅಂಗಡಿಯಿಂದ ತರುವುದಿಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ, ಯಾರೂ ನೋಡದ ಕಡೆಯಿಂದ, ನಾಲ್ಕು ಎಳೆ ಕಿತ್ತು ಅದರಲ್ಲೇ ಹಾಸು ಹೊಕ್ಕು ಹೊಂದಿಸುತ್ತೇನೆ. ಮಡಿಕೆಯಲ್ಲಿ ಎಳೆ ಸಿಗದಿದ್ದರೆ ರಫು ಮಾಡುವುದಿಲ್ಲ, ತೇಪೆ ಹಾಕಿಸಿಕೊಳ್ಳಿ ಎನ್ನುತ್ತೇನೆ. ಹೋಲುವ ದಾರದಷ್ಟು ಮೋಸ ಇನ್ನೊಂದಿಲ್ಲ. ಹಗಲಿನಲ್ಲಿ ಒಂದೇ ಥರ ಕಾಣುತ್ತದೆ, ದೀಪದ ಕೆಳಗೆ ಗಾಯದ ಹಾಗೆ ಎದ್ದು ಕಾಣುತ್ತದೆ. ಒಪ್ಪವಾದ ತೇಪೆ ಯಾರಿಗೂ ಅವಮಾನವಲ್ಲ.

ನಿನಗೆ ಬುದ್ಧಿ ಹೇಳಲು ಬರೆದದ್ದಲ್ಲ. ನೀನು ಕೇಳಿದ್ದು ಗಂಟೆಗಳನ್ನು ಮಾತ್ರ.

ಅಕ್ಕ


ಜುಲೈ ೨೦

ಅಕ್ಕ,

ನಿನ್ನ ಪಟ್ಟಿಯನ್ನು ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ನಿನ್ನ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮಂಗಳವಾರ ಬಯಲಿನಲ್ಲಿ ಪರೀಕ್ಷೆಗೆ ಗುಂಡಿ ತೆಗೆಸಿದೆವು. (ಹೌದು, ಬಂದಿದ್ದೆ. ನಿನ್ನ ಕಿಟಕಿ ಮುಚ್ಚಿತ್ತು.) ಮೂರಡಿ ಕೆಳಗೆ ಕೊಡೆಯವರ ಮನೆಯ ಇಟ್ಟಿಗೆ ಸಿಕ್ಕಿತು. ಅಂಗೈಯಷ್ಟು ಅಗಲದ ತೆಳು ಇಟ್ಟಿಗೆ, ಪಕ್ಕದ ಹಳೆ ಗೋಡೆಗಳಲ್ಲಿ ಇರುವುದೇ. ಒಂದನ್ನು ನೀರಿನಲ್ಲಿ ತೊಳೆದಾಗ ಅದರ ಕೆಂಪು ನಿಧಾನವಾಗಿ ಮೇಲೆ ಬಂತು. ಆಳುಗಳು ಇದೇನಮ್ಮ ಕಸ ಅಂದರು. ನಾನು ಒಳಮಡಿಕೆ ಅಂದೆ. ಅವರು ಮುಖ ಮುಖ ನೋಡಿಕೊಂಡರು.

ಈಗ ಹೀಗೆ ಬರೆದಿದ್ದೇನೆ. ಬೀದಿಯ ಅಂಚಿನಲ್ಲಿ ಎದೆಮಟ್ಟದವರೆಗೆ ಆ ಹಳೆ ಇಟ್ಟಿಗೆ. ಅದರ ಮೇಲೆ ಸುಣ್ಣದ ಗಾರೆಯ ಸಾದಾ ಗೋಡೆ, ಕಂಬ ಇಲ್ಲ, ಕೆತ್ತನೆ ಇಲ್ಲ. ಬಾಗಿಲುಗಳ ಎತ್ತರ ಮಾತ್ರ ಹಳೆ ಮನೆಗಳದ್ದೇ, ಬೀದಿಯಲ್ಲಿ ನಡೆಯುವವರ ಕಣ್ಣು ಎಲ್ಲೂ ಎಡವದ ಹಾಗೆ. ಮ್ಯಾನೇಜರು ಮೂರನೇ ಅಂತಸ್ತು ಬಿಟ್ಟರು, ಬಾಯಿ ಒಣಗುವ ತನಕ ಮಾತಾಡಿದ ಮೇಲೆ.

ಆದರೆ ನಿನ್ನಿಂದ ಮುಚ್ಚಿಡುವುದಿಲ್ಲ. ಮೂರನೇ ಮನೆ ಸರಿಯಾಗಿ ನಿನ್ನ ಕಿಟಕಿಯ ಎದುರಿಗೆ ಬರುತ್ತದೆ. ಅದರ ಮೇಲಿನ ಕೋಣೆ ಮತ್ತು ಸೂರು ಸೇರಿ ನಿನ್ನ ಆರು ಗಂಟೆಯಲ್ಲಿ ಎರಡು ಗಂಟೆಯನ್ನು ತಿನ್ನುತ್ತವೆ. ಎಷ್ಟು ತಿರುಗಿಸಿ ಬರೆದರೂ ಎರಡು ಗಂಟೆ ಹೋಗುತ್ತದೆ. ಆ ಕೋಣೆ ತೆಗೆದರೆ ಅದು ಸಂಸಾರಸ್ಥರ ಮನೆಯಾಗಿ ಉಳಿಯುವುದಿಲ್ಲ.

ಇನ್ನೊಂದು ಮಾತು ಕೇಳಬೇಕು. ಕಾಗದದಲ್ಲಿ ನೀನು ಮಧ್ಯೆ ಬಾಯಿ ಹಾಕಲಾರೆ, ಅದೇ ಧೈರ್ಯ.

ಆರು ವರ್ಷದ ಹಿಂದೆ ನಿನಗೆ ಪಿತ್ತಕೋಶದ ಆಪರೇಷನ್ ಆಯಿತು. ಅಮ್ಮ ಹೋಗಿ ಒಂದು ವರ್ಷವಾಗಿತ್ತು. ನೀನು ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನ ನಾನು ರಜೆ ಹಾಕಿ ಮನೆ ಸರಿಮಾಡಿಸಿದೆ. ಸೋರುತ್ತಿದ್ದ ಮೂಲೆ, ಜೋತುಬಿದ್ದ ಹಲಗೆ, ಮಸಿ ಹಿಡಿದ ಗೋಡೆ. ನಿನ್ನನ್ನು ಕರೆತಂದ ದಿನ ಬಾಗಿಲು ತೆರೆದು, ನಿನ್ನ ಮುಖವನ್ನೇ ನೋಡುತ್ತಾ ನಿಂತಿದ್ದೆ. ನೀನು ಅಂದದ್ದು ಒಂದೇ ಮಾತು: "ಯಾರನ್ನ ಕೇಳಿ ಬಣ್ಣ ಹೊಡೆಸಿದೆ?" ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದೆ. ನಾಲ್ಕು ದಿನ ನೋಡಿ ನಾನು ಹೊರಟೆ.

ಈ ಕಥೆಯನ್ನು ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡಿದ್ದೇನೆ. ಪ್ರತಿ ಸಲವೂ ನನ್ನದೇ ಸರಿ ಎಂದಾಗುತ್ತದೆ. ಅದಕ್ಕೇ ಅನುಮಾನ. ಅವತ್ತು ನಾನು ಏನು ಮಾಡಿದೆ?

ತಂಗಿ


ಆಗಸ್ಟ್ ೩೦

ಅಕ್ಕ,

ಆರು ವಾರವಾಯಿತು. ಉತ್ತರ ಬರೆಯದಿದ್ದರೆ ಬೇಡ. ಆದರೆ ನಿನ್ನ ತಕರಾರು ಅರ್ಜಿಯೂ ಸಮಿತಿಗೆ ತಲುಪಿಲ್ಲ. ನಿನ್ನೆ ಹೋಗಿ ರಿಜಿಸ್ಟರ್ ನೋಡಿ ಬಂದೆ. ಸೆಪ್ಟೆಂಬರ್ ಆರಕ್ಕೆ ಗಡುವು ಮುಗಿಯುತ್ತದೆ. ನನ್ನ ಮೇಲಿನ ಸಿಟ್ಟಿಗೆ ಬೆಳಕನ್ನು ಬಿಟ್ಟುಕೊಡಬೇಡ. ಫಾರಂ ಇದರ ಜೊತೆ ಇಟ್ಟಿದ್ದೇನೆ. ಮೂರನೇ ಕಲಮಿನಲ್ಲಿ ಗಂಟೆಗಳ ಪಟ್ಟಿ ಬರೆ, ಸಹಿ ಎರಡು ಕಡೆ ಮಾಡು.

ತಂಗಿ


ಸೆಪ್ಟೆಂಬರ್ ೩

ಮರಿ,

ಅರ್ಜಿಯನ್ನು ಇವತ್ತು ನಾನೇ ಹೋಗಿ ಕೊಟ್ಟು ಬಂದೆ. ನಾಲ್ಕು ಮನೆ ಬೇಡ ಎಂದು ಬರೆದಿಲ್ಲ. ಮನೆ ಇಲ್ಲದವರಿಗೆ ಮನೆ ಬೇಡ ಅನ್ನಲು ನಾನ್ಯಾರು. ಮೂರನೇ ಮನೆಯ ಎರಡು ಗಂಟೆ ಮಾತ್ರ ಬರೆದಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಬರೆದು ಹರಿದೆ. ಬಾಯಲ್ಲಿ ಹೇಳಿದರೆ ಬರೇ ಒಂದು ಕೊಳೆಯ ವಿಷಯ, ಅಷ್ಟೇ.

ಕೆಲಸ ಬಿಟ್ಟ ಮೇಲೆ ಅಮ್ಮ ಕಿಟಕಿಯ ಎಡಗಡೆ ಮೂಲೆಯಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ಊಟವಾದ ಮೇಲೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ಹನ್ನೊಂದು ವರ್ಷ. ಅವಳ ತಲೆ ತಾಗಿ ತಾಗಿ ಅಲ್ಲಿ ಒಂದು ಗುರುತಾಗಿತ್ತು, ಚಿಕ್ಕ ತಟ್ಟೆಯಷ್ಟು ಅಗಲ, ಜೇನಿನ ಬಣ್ಣ. ಅವಳು ಹೋದ ಮೇಲೆ ಕೆಲಸ ಮುಗಿಸಿ ನಾನು ಅಲ್ಲಿ ಕೂರುತ್ತಿದ್ದೆ. ಅವಳು ನನಗಿಂತ ಎತ್ತರ, ನನ್ನ ತಲೆ ಆ ಗುರುತಿನ ಕೆಳ ಅಂಚಿಗೆ ಬರುತ್ತಿತ್ತು. ಏನನ್ನೂ ಯೋಚಿಸುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದೆ.

ಆಸ್ಪತ್ರೆಯಲ್ಲಿ ಹನ್ನೆರಡು ದಿನ ಅಲ್ಲಿಗೆ ಹೋಗಿ ಕೂರಬೇಕು ಎಂದೇ ಕಾದಿದ್ದೆ. ಬಾಗಿಲು ತೆರೆದೆ. ಗೋಡೆ ಬೆಳ್ಳಗಿತ್ತು.

ನೀನು ಅದನ್ನು ಕೊಳೆ ಅಂದುಕೊಂಡೆ. ಅದು ಕೊಳೆಯೇ. ನಿನಗೆ ಹೇಳಿರಲಿಲ್ಲ, ಹೇಳುವಂಥ ಮಾತೂ ಆಗಿರಲಿಲ್ಲ. ಅವತ್ತೇ ಹೇಳಿದ್ದರೆ ನೀನು ಅಳುತ್ತಿದ್ದೆ, ಆಮೇಲೆ ನಾನು ನಿನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಅಷ್ಟು ಶಕ್ತಿ ಇರಲಿಲ್ಲ, ಹೊಟ್ಟೆಯ ಹೊಲಿಗೆ ಇನ್ನೂ ಒಣಗಿರಲಿಲ್ಲ. ನೀನು ಹೋದ ಮೇಲೆ ಚಾಕುವಿನಿಂದ ಕೆರೆದು ನೋಡಿದೆ. ಬಣ್ಣದ ಜೊತೆ ಗೋಡೆಯೇ ಉದುರಿತು. ಬಿಟ್ಟೆ.

ಆರು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳಬೇಡ. ಮೊದಲ ವರ್ಷ ಸಿಟ್ಟಿತ್ತು. ಆಮೇಲೆ ಸಿಟ್ಟು ಹೋಯಿತು, ಸುಮ್ಮನಿರುವುದು ಅಭ್ಯಾಸವಾಗಿ ಉಳಿಯಿತು.

ಮಳೆ ನಿಂತಿದೆ. ತಾತನಿಗೆ ಕೆಮ್ಮು. ನಾನು ಚೆನ್ನಾಗಿದ್ದೇನೆ.

ಅಕ್ಕ


ಸೆಪ್ಟೆಂಬರ್ ೮

ಅಕ್ಕ,

ಅಳು ಬಂತು. ಸಮಾಧಾನ ಮಾಡಲು ಯಾರೂ ಇರಲಿಲ್ಲ, ಇರದಿದ್ದದ್ದೇ ಸರಿ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿಬಿಡುತ್ತೇನೆ. ಬಣ್ಣದವನು ಆ ಮೂಲೆಗೆ ಬಂದಾಗ ಕೈ ನಿಲ್ಲಿಸಿದ. "ಇಲ್ಲಿ ಯಾರೋ ದಿನಾ ಒರಗಿ ಕೂರ್ತಿದ್ರು ಅನ್ಸುತ್ತೆ ಮೇಡಂ, ಇದ್ರ ಮೇಲೂ ಹೊಡೀಲಾ?" ಅಂದ. ನಾನು ನಕ್ಷೆಯಿಂದ ತಲೆ ಎತ್ತಲಿಲ್ಲ. ಅಲ್ಲಿಗೆ ಒಂದು ಕೋಟ್ ಜಾಸ್ತಿ ಹೊಡಿ, ಕಲೆ ಮೇಲೆ ಬರುತ್ತೆ ಅಂದೆ.

ನನಗೆ ಗೊತ್ತಿರಲಿಲ್ಲ ಎನ್ನುವುದು ನಿಜ. ಗೊತ್ತುಮಾಡಿಕೊಳ್ಳುವ ಬಾಗಿಲು ಒಂದು ಕ್ಷಣ ತೆರೆದಿತ್ತು, ನಾನು ಮುಚ್ಚಿದೆ ಎನ್ನುವುದೂ ನಿಜ. ಅವನು ಅಮ್ಮನನ್ನು ಒಂದು ಸಲವೂ ನೋಡಿದವನಲ್ಲ. ಅವನಿಗೆ ಕಂಡಿತು.

ಹದಿನಾಲ್ಕಕ್ಕೆ ವಿಚಾರಣೆ. ನೀನು ಬರಲೇಬೇಕೆಂದೇನೂ ಇಲ್ಲ, ಅರ್ಜಿ ಸಾಕು.

ತಂಗಿ


ಸೆಪ್ಟೆಂಬರ್ ೧೬

ಮರಿ,

ಬರಬೇಕಿಲ್ಲ ಅಂದಿದ್ದೆ ನೀನು, ಆದರೂ ನಾನು ಬಂದೆ. ಸಭೆಯಲ್ಲಿ ನೀನು ನನ್ನ ಹತ್ತಿರ ಬರಲಿಲ್ಲ, ನಾನೂ ನಿನ್ನ ಹತ್ತಿರ ಬರಲಿಲ್ಲ. ಅದು ಯಾಕೆಂದು ನನಗೆ ಅರ್ಥವಾಯಿತು. ಆದ್ದರಿಂದ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ: ನಿನ್ನ ಕೂದಲು ನೆರೆತಿದೆ, ಅದು ನಿನಗೆ ಒಪ್ಪುತ್ತದೆ. ಕೋಟಿನ ಎಡ ಮೊಣಕೈ ಸವೆದಿದೆ. ಅದನ್ನು ಯಾರ ಕೈಗೂ ಕೊಡಬೇಡ.

ನೀನು ನಕ್ಷೆ ಬಿಡಿಸಿ, ಮೂರನೇ ಮನೆಯ ಮೇಲಿನ ಕೋಣೆಯನ್ನು ನಾನೇ ತೆಗೆದಿದ್ದೇನೆ, ಸೂರಿನ ಇಳಿಜಾರನ್ನು ಹಿಂದಕ್ಕೆ ತಿರುಗಿಸಿದ್ದೇನೆ ಎಂದಾಗ ಮ್ಯಾನೇಜರ ಮುಖ ಕೆಂಪಾಯಿತು. ನನಗೂ ಗೊತ್ತಿರಲಿಲ್ಲ. ಅರ್ಜಿ ಕೊಟ್ಟವಳ ಬಳಿಯೂ ಹೇಳದೆ ನೀನು ಇಟ್ಟುಕೊಂಡಿದ್ದೆ. ಅಧ್ಯಕ್ಷರು ಕನ್ನಡಕ ತೆಗೆದು, ಅರ್ಜಿದಾರರು ನಿಮಗೆ ಸಂಬಂಧವೇ ಎಂದು ಕೇಳಿದರು. ನೀನು ಒಂದು ಕ್ಷಣವೂ ತಡಮಾಡಲಿಲ್ಲ.

"ನನ್ನ ಅಕ್ಕ. ಆದ್ರೆ ಅವಳ ತಕರಾರು ಸರಿಯಾಗಿದೆ."

ಆರು ವರ್ಷದಲ್ಲಿ ನಿನ್ನ ಬಾಯಿಂದ ಅಕ್ಕ ಎಂಬ ಮಾತು ಕೇಳಿದ್ದು ಆಗ, ಅದೂ ಇಪ್ಪತ್ತು ಜನ ಅಪರಿಚಿತರ ನಡುವೆ.

ಆ ಮ್ಯಾನೇಜರು ಅಕ್ಕತಂಗಿ ಸೇರಿ ನಾಟಕ ಆಡುತ್ತಿದ್ದಾರೆ ಅಂದಾಗ ನನಗೆ ಎದ್ದು ನಿಲ್ಲುವ ಇರಾದೆ ಇರಲಿಲ್ಲ. ಕಾಲು ತಾನೇ ಎದ್ದಿತು. "ನಾವಿಬ್ರೂ ಮಾತಾಡಿ ಆರು ವರ್ಷ ಆಯ್ತು ಸ್ವಾಮಿ. ನಾಟಕ ಆಡೋರು ಮಾತಾದ್ರೂ ಆಡ್ತಾರೆ," ಅಂದೆ. ಜನ ನಕ್ಕರು. ನೀನು ನಗಲಿಲ್ಲ, ಕಿಟಕಿಯ ಕಡೆ ನೋಡಿದೆ.

ಆಮೇಲಿನದು ನಿನಗೆ ಗೊತ್ತೇ ಇದೆ. ಒಂಟಿಯಾಗಿರುವವರಿಗೂ ಮನೆ ಬೇಕಲ್ಲ, ಮೂರನೆಯದು ಅಂಥವರಿಗಿರಲಿ ಎಂದು ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದ ಹೆಂಗಸು ಹೇಳಿದ್ದೇ ಎಲ್ಲವೂ ಸಡಿಲವಾಯಿತು. ಸಾದಾ ಗೋಡೆಯ ವಿಷಯದಲ್ಲಿ ಮಾತ್ರ ಅರ್ಧ ಗಂಟೆ ಜಗ್ಗಾಡಿದರು. ನೀನು ಆ ತೊಳೆದ ಇಟ್ಟಿಗೆಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ಕೂತೆ. ಕೈಯಿಂದ ಕೈಗೆ ಹೋಗಿ ಅದು ಹಿಂತಿರುಗುವ ಹೊತ್ತಿಗೆ ಒಪ್ಪಿದ್ದರು. ನಿನಗೆ ಸುಮ್ಮನೆ ಕೂರಲು ಯಾವಾಗ ಬಂತು?

ಕೆಲಸ ನಿನ್ನ ಕೈಯಲ್ಲೇ ಉಳಿಯಿತೇ? ಮ್ಯಾನೇಜರು ಏನಂದರು, ಬರೆ.

ಅಕ್ಕ


ಜನವರಿ ೨೪

ಮರಿ,

ನಿನ್ನ ಡಿಸೆಂಬರಿನ ಕಾರ್ಡು ಬಂತು. ಮ್ಯಾನೇಜರು ಸಂಭಾವನೆ ಕಡಿಮೆ ಮಾಡಿದರೂ ಕೆಲಸ ಬಿಡಿಸಲಿಲ್ಲವಲ್ಲ, ಹಾಗಾದರೆ ಕೆಟ್ಟವರಲ್ಲ, ಜಿಪುಣರು. ಪ್ರತಿ ಗುರುವಾರ ನೀನು ಕೆಳಗೆ ಬಂದು ಹೋಗುವುದು ಕಾಣುತ್ತದೆ. ತಾತನ ಕೈಯಲ್ಲಿ ಟೀ ಕಳಿಸುತ್ತೇನೆ, ಲೋಟ ತೊಳೆದು ಕಳಿಸುತ್ತೀಯ. ಕರೆಯದೆ ನೀನು ಬರುವುದಿಲ್ಲ, ಕರೆಯಲು ನನಗೆ ಬಾಯಿ ಬರುವುದಿಲ್ಲ. ಈ ವಿಷಯದಲ್ಲಿ ಇಬ್ಬರೂ ಅಮ್ಮನ ಮಕ್ಕಳೇ.

ಗೋಡೆ ಏಳುವುದನ್ನು ನೋಡುತ್ತಾ ಇಡೀ ಚಳಿಗಾಲ ಕಳೆದೆ. ಮೊದಮೊದಲು ಭಯವಾಗುತ್ತಿತ್ತು. ಒಂದೊಂದು ಸಾಲು ಇಟ್ಟಿಗೆಗೂ ಆಕಾಶ ಒಂದು ಬೆರಳು ಕಡಿಮೆಯಾಗುತ್ತಿತ್ತು. ಆಮೇಲೆ ಅದು ಒಂದು ಮಟ್ಟಕ್ಕೆ ಬಂದು ನಿಂತಿತು. ನನ್ನ ಆರು ಗಂಟೆ ಉಳಿದಿವೆ, ಸಂಜೆಯ ಕಡೆ ಒಂದು ಹತ್ತು ನಿಮಿಷ ಅತ್ತಿತ್ತ. ಹತ್ತು ನಿಮಿಷ ಬಿಟ್ಟುಕೊಟ್ಟಿದ್ದೇನೆ.

ಆದರೆ ನಿನ್ನ ನಕ್ಷೆಯಲ್ಲಿ ಇಲ್ಲದ್ದೊಂದು ಆಗಿದೆ. ಹೋದ ವಾರ ಮೂರನೇ ಮನೆಗೆ ಗಾರೆ ಮುಗಿಸಿದರು. ಮಾಸಲು ಹಾಲಿನ ಬಣ್ಣ. ಮಧ್ಯಾಹ್ನ ಮೂರಕ್ಕೆ ನನ್ನ ಸೂರಿನ ಮೇಲಿಂದ ಹಾದ ಬಿಸಿಲು ಆ ಗೋಡೆಯ ತಲೆಗೆ ತಾಗಿ ಹೊರಳಿ ನನ್ನ ಕೋಣೆಗೆ ಬೀಳುತ್ತದೆ. ಮೂವತ್ತು ವರ್ಷದಲ್ಲಿ ಈ ಕೋಣೆಯೊಳಗೆ ಬಿಸಿಲಿನ ಬಣ್ಣ ಬಂದದ್ದೇ ಇಲ್ಲ. ನೆಲ, ಮೇಜು, ನನ್ನ ಕೈ, ಎಲ್ಲವೂ ಬೆಚ್ಚಗಿನ ಬಣ್ಣವಾಗಿ ಎಲ್ಲಿಯೋ ದೂರದಲ್ಲಿ ಇರುವಂತೆ ಕಾಣುತ್ತವೆ. ಕೆಲಸಕ್ಕೆ ಬಾರದ ಬೆಳಕು ಅದು. ನೀಲಿ ದಾರ ಹಸಿರಾಗಿ ಕಾಣುತ್ತದೆ. ಸೂಜಿ ಕೆಳಗಿಟ್ಟು ಸುಮ್ಮನೆ ಕೂರುತ್ತೇನೆ. ಇಪ್ಪತ್ತು ನಿಮಿಷ ಇದ್ದು ಹೋಗುತ್ತದೆ. ಬೇಕೆಂದೇ ಮಾಡಿದೆಯಾ, ತಾನಾಗಿ ಆಯಿತಾ?

ಅಕ್ಕ


ಮಾರ್ಚ್ ೧೮

ಅಕ್ಕ,

ಬೇಕೆಂದು ಮಾಡಿದೆ ಎಂದು ಹೇಳುವ ಆಸೆ ತುಂಬಾ ಇದೆ. ತಾನಾಗಿ ಆಯಿತು.

ನಿನ್ನೆ ಬೀಗದ ಕೈಗಳನ್ನು ಕೊಟ್ಟೆವು. ಮೂರನೇ ಮನೆ ಆಸ್ಪತ್ರೆಯ ನರ್ಸ್ ಒಬ್ಬರಿಗೆ ಬಂತು. ಇಷ್ಟು ದಿನ ಅವರು ದಿನಕ್ಕೆ ಎರಡು ಬಸ್ಸು ಬದಲಿಸಿ ಬರುತ್ತಿದ್ದರಂತೆ. ಒಳಗೆ ಬಂದವರೇ ಕಿಟಕಿ ತೆರೆದು, ಎದುರಿಗೆ ಯಾರಿದ್ದಾರೆ ಎಂದು ಕೇಳಿದರು. ರಫು ಮಾಡುವವರು, ಬೆಳಿಗ್ಗೆ ಹತ್ತರಿಂದ ಅವರಿಗೆ ಬೆಳಕು ಬೇಕು, ಬಟ್ಟೆ ಒಣಗಿಸುವುದಾದರೆ ಹಿಂದುಗಡೆ ಹಗ್ಗ ಕಟ್ಟಿದ್ದೇನೆ ಎಂದೆ. ನನ್ನ ಅಕ್ಕ ಎಂದೂ ಹೇಳಿದೆ.

ಇನ್ನು ಗುರುವಾರ ಬರಲು ನನಗೆ ಕೆಲಸವಿಲ್ಲ. ಕೆಲಸವಿಲ್ಲದೆ ಬರಬಹುದೇ? ಮುಂದಿನ ತಿಂಗಳು, ಮೂರು ದಿನ. ಕೇಳುತ್ತಿದ್ದೇನೆ. ಬೇಡ ಎಂದರೂ ಬೇಜಾರಿಲ್ಲ.

ತಂಗಿ


ಏಪ್ರಿಲ್ ೧೩

ಮರಿ,

ಹುಷಾರಾಗಿ ತಲುಪಿದ್ದೀಯ ಎಂದುಕೊಂಡಿದ್ದೇನೆ. ಕೋಟಿನ ಮೊಣಕೈ ಇನ್ನೂ ಮೇಜಿನ ಮೇಲಿದೆ. ಒಳಮಡಿಕೆಯಲ್ಲಿ ಎಳೆ ಸಿಕ್ಕಿತು, ಎಂಟು ದಿನದಲ್ಲಿ ಕಳಿಸುತ್ತೇನೆ.

ಮೂರು ದಿನದಲ್ಲಿ ನಾವು ಏನು ಮಾತಾಡಿದೆವು ಎಂದು ನೆನೆಸಿಕೊಂಡರೆ ಬರೇ ಚಿಲ್ಲರೆ ಮಾತು. ಅಕ್ಕಿ ಯಾವ ಅಂಗಡಿಯಿಂದ, ತಾತನ ಕೆಮ್ಮಿಗೆ ಏನು ಔಷಧ, ನರ್ಸಮ್ಮ ನಡೆಯುವಾಗ ಚಪ್ಪಲಿ ಎಷ್ಟು ಸದ್ದು ಮಾಡುತ್ತದೆ. ಅಮ್ಮನ ಸುದ್ದಿ ಇಬ್ಬರೂ ಎತ್ತಲಿಲ್ಲ. ನೀನು ಆ ಮೂಲೆಯ ಮುಂದೆ ಒಂದು ಸಲ ನಿಂತದ್ದನ್ನು ನಾನು ಅಡುಗೆಮನೆಯಿಂದ ನೋಡಿದೆ. ನೋಡಿದೆ ಎಂದು ನಿನಗೆ ಗೊತ್ತಾಗಿರಬೇಕು, ಬಂದು ತರಕಾರಿ ಹೆಚ್ಚಲು ಕೂತೆ.

ಒಂದು ತಪ್ಪೊಪ್ಪಿಗೆ ಇದೆ. ಭಾನುವಾರ ನಿನಗೆ ನಾಲ್ಕೂ ಹತ್ತರ ಗಾಡಿ ಇತ್ತು. ಊಟವಾದ ಮೇಲೆ ಸ್ವಲ್ಪ ಅಡ್ಡಾಗುತ್ತೇನೆ, ಅಲಾರಂ ಇಡುತ್ತೇನೆ ಅಂದೆ ನೀನು. ಬೇಡ, ಮೂರಕ್ಕೆ ನಾನೇ ಎಬ್ಬಿಸುತ್ತೇನೆ ಅಂದೆ ನಾನು. ಮೂರಾಯಿತು. ಆ ಗೋಡೆಯ ಬೆಳಕು ಬಂತು. ಮೊದಲು ನಿನ್ನ ಪಾದಕ್ಕೆ, ಆಮೇಲೆ ಮೊಣಕಾಲಿಗೆ. ನೀನು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದೆ, ಹತ್ತು ವರ್ಷದವಳಿದ್ದಾಗ ಹೊಡೆಯುತ್ತಿದ್ದ ಹಾಗೇ. ಎಬ್ಬಿಸಬೇಕು ಎಂದು ಎದ್ದೆ. ಎದ್ದವಳು ಗೋಡೆಯ ಗಡಿಯಾರವನ್ನು ಮೊಳೆಯಿಂದ ಇಳಿಸಿ, ಮುಳ್ಳನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ, ಮತ್ತೆ ನೇತುಹಾಕಿ, ಸದ್ದಾಗದಂತೆ ಬಂದು ಕೂತೆ.

ನೀನು ಎದ್ದು, ನಿಲ್ದಾಣಕ್ಕೆ ಓಡಿ, ಗಾಡಿ ತಪ್ಪಿ ವಾಪಸು ಬಂದಾಗ ಗಡಿಯಾರವನ್ನು ಎಷ್ಟು ಬೈದೆ. ನಾನೂ ಸೇರಿ ಬೈದೆ. ಒಂದು ರಾತ್ರಿ ಹೆಚ್ಚಿಗೆ ಇದ್ದೆ.

ನಿನ್ನೆ ಬೆಳಿಗ್ಗೆ ಹೋಗುವಾಗ ನೀನು ತಾತನ ಬಾಗಿಲು ತಟ್ಟಿ, ನಮ್ಮ ಅಕ್ಕನ ಗಡಿಯಾರ ಕೆಟ್ಟಿದೆ, ಸರಿಮಾಡಿ ಎಂದು ಮುಂಗಡ ಕೊಟ್ಟು ಹೋದೆಯಂತೆ. ಇವತ್ತು ಅವರು ಆ ಮಂಜುಗಣ್ಣಿನಲ್ಲೇ ಮೆಟ್ಟಿಲು ಹತ್ತಿ ಬಂದರು. ಗಡಿಯಾರ ಇಳಿಸಿ, ಬೆನ್ನು ಬಿಚ್ಚಿ, ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನಳಾಗಿದ್ದೆ. ಟೀ ಕುಡಿದು, ನಿನ್ನ ಮುಂಗಡವನ್ನು ಮೇಜಿನ ಮೇಲಿಟ್ಟು ಇಳಿದು ಹೋದರು.

ಗಡಿಯಾರ ಸರಿಯಾಗಿಯೇ ಇದೆ, ಮರಿ.

ಅಕ್ಕ